ಆಶಾ ಕಾರ್ಯಕರ್ತೆಯರಿಗೆ ಹಿರಿಯರ ಕಿವಿಯ ಬಗ್ಗೆ ಹೇಳಿಕೊಡುವಾಗ

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷಿಸುವ ಕೆಲಸ ನನ್ನದು. ಮೈಸೂರು ಸುತ್ತಮುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತೇನೆ. ಕಿವಿಯ ಚಿತ್ರ ತೋರಿಸಿ ಪಾಠ ಶುರು ಮಾಡುವುದಿಲ್ಲ. ಕಿವಿ ಮಂದವಾದ ಅಜ್ಜಿಯ ಜತೆ ಹೇಗೆ ಮಾತಾಡಬೇಕು ಅನ್ನೋದೇ ಅವರಿಗೆ ಮೊದಲು ಬೇಕಾದದ್ದು.

ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರ ಕಿವಿಗೆ ಸ್ಪಂಜಿನ ಇಯರ್‌ಪ್ಲಗ್ ಹಾಕಿಸಿ, ಪಕ್ಕದಲ್ಲಿ ಧಾರಾವಾಹಿ ಜೋರಾಗಿ ಹಾಕುತ್ತೇನೆ. ಇನ್ನೊಬ್ಬರು ಮಾಸ್ಕ್ ಹಾಕಿಕೊಂಡು ಬಿಪಿ ಮಾತ್ರೆ ಯಾವಾಗ ತಗೋಬೇಕು ಅಂತ ಹೇಳಬೇಕು. ಅರ್ಧ ಮಾತೂ ತಲುಪುವುದಿಲ್ಲ. ಆಮೇಲೆ ಟಿವಿ ಆರಿಸಿ, ಮಾಸ್ಕ್ ತೆಗೆದು, ಮುಖದ ಮೇಲೆ ಬೆಳಕು ಬೀಳುವ ಹಾಗೆ ಕೂತು ಅದನ್ನೇ ನಿಧಾನವಾಗಿ ಹೇಳಿಸುತ್ತೇನೆ. ಇಷ್ಟಾದ ಮೇಲೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ.

ವಯಸ್ಸಾದಂತೆ ಮೊದಲು ಹೋಗುವುದು ತೆಳು ದನಿಯ ಸದ್ದುಗಳು. ಸ, ಶ, ತ, ಕ ಜಾರಿಹೋಗುತ್ತವೆ, ಆ, ಊ, ಓ ಉಳಿಯುತ್ತವೆ. ಅದಕ್ಕೇ ಅವರು "ಮಾತು ಕೇಳುತ್ತೆ, ಏನಂತ ತಿಳಿಯಲ್ಲ" ಅನ್ನೋದು. "ಕಾಲು ನೋವಾ?" ಅಂದರೆ "ಹಾಲು ಕುಡಿದೆ" ಅಂತಾರೆ, ಮನೆಯವರು ನಗುತ್ತಾರೆ, ಮುಂದಿನ ಸಲ ಅಜ್ಜಿ ಬಾಯೇ ಬಿಡುವುದಿಲ್ಲ. ಈ ನಗು ನನಗೆ ತುಂಬಾ ನೋವು ಕೊಡುತ್ತದೆ. ಕಿರುಚಿದರೂ ಪ್ರಯೋಜನವಿಲ್ಲ, ಉಳಿದಿದ್ದ ಸ್ವರಗಳೇ ಇನ್ನಷ್ಟು ದೊಡ್ಡದಾಗುತ್ತವೆ ಅಷ್ಟೆ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದ ಹಾಕಿ ಹೇಳಿ ಅಂತೀನಿ.

ಇನ್ನೊಂದು, ಸೊಸೆ "ಅತ್ತೆಗೆ ಕೇಳಿಸಲ್ಲ ಅಕ್ಕ, ನನ್ನನ್ನೇ ಕೇಳಿ" ಅಂತಾಳೆ. ಸಮಯವಿಲ್ಲದ ಆಶಾ ಅಕ್ಕ ಒಪ್ಪಿಕೊಂಡುಬಿಡುತ್ತಾರೆ. ಅಲ್ಲಿಗೆ ಅಜ್ಜಿಯ ನೋವು, ನಿದ್ದೆ, ಭಯ ಯಾವುದೂ ದಾಖಲಾಗುವುದಿಲ್ಲ, ಅಲ್ವಾ? ಹಾಗಾಗಿ ಕನಿಷ್ಠ ಮೊದಲ ಪ್ರಶ್ನೆಯನ್ನಾದರೂ ಅಜ್ಜಿಯ ಮುಖ ನೋಡಿಯೇ ಕೇಳಬೇಕು. ಇದನ್ನು ಪಾತ್ರ ಮಾಡಿಸಿ ಅಭ್ಯಾಸ ಮಾಡಿಸುತ್ತೇನೆ.

30 ದಾಟಿದವರಿಗೆ ಆಶಾ ಅಕ್ಕಂದಿರು ತುಂಬುವ ಸಿಬ್ಯಾಕ್ ಅನ್ನೋ ಆರೋಗ್ಯ ಪ್ರಶ್ನೆಗಳ ಫಾರಂನಲ್ಲಿ ಕಿವಿ ಕೇಳಿಸಲು ತೊಂದರೆ ಇದೆಯಾ ಅಂತ ಪ್ರಶ್ನೆ ಇದೆ. ಸುಮ್ನೆ ಓದಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. ಟಿವಿ ಸೌಂಡು ಜಾಸ್ತಿ ಇಡ್ತೀರಾ, ಫೋನಿನಲ್ಲಿ ಮಾತು ತಿಳಿಯುತ್ತಾ ಅಂತ ಕೇಳಿದರೆ ನಿಜ ಗೊತ್ತಾಗುತ್ತದೆ. ಅನುಮಾನ ಬಂದರೆ ಹಿಂದೆ ಒಂದು ತೋಳಳತೆ ದೂರ ನಿಂತು, ಒಂದು ಕಿವಿ ಮುಚ್ಚಿಸಿ, ಪಿಸುದನಿಯಲ್ಲಿ ಅಂಕಿಗಳನ್ನು ಹೇಳಿ, ಅವರಿಂದ ವಾಪಸ್ ಹೇಳಿಸಬೇಕು. ಆಮೇಲೆ ಇನ್ನೊಂದು ಕಿವಿ.

ಗುಗ್ಗೆ ಕಟ್ಟಿದ್ದರೂ ಕೇಳಿಸದೆ ಇರಬಹುದು, ಆದರೆ ಹೇರ್‌ಪಿನ್, ಬಿಸಿ ಎಣ್ಣೆ ಖಂಡಿತ ಬೇಡ. ಕಿವಿ ಸೋರುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಕೇಳಿಸದಿದ್ದರೆ ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಬೇಕು. ಬೇಗ ಚಿಕಿತ್ಸೆ ಸಿಕ್ಕರೆ ಮತ್ತೆ ಕೇಳಿಸುವ ಸಾಧ್ಯತೆ ಹೆಚ್ಚು.

ಹಿಯರಿಂಗ್ ಏಡ್ ಇದ್ದೂ ಡಬ್ಬಿಯಲ್ಲಿಟ್ಟವರು ಬಹಳ. ಬ್ಯಾಟರಿ ಮುಗಿದಿದೆಯಾ, ಮೋಲ್ಡಿನ (ಕಿವಿಯೊಳಗೆ ಕೂರುವ ಭಾಗ) ತೂತಿನಲ್ಲಿ ಗುಗ್ಗೆ ಇದೆಯಾ ಅಂತ ನೋಡುವುದನ್ನು ಕಲಿಸುತ್ತೇನೆ. ಕುಯ್ ಅಂತ ಸದ್ದು ಬಂದರೆ ಮೋಲ್ಡ್ ಸರಿಯಾಗಿ ಕೂತಿಲ್ಲದಿರಬಹುದು. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ.