ಸಣ್ಣ ಆರ್‌ಪಿಜಿ ಮಾಡ್ಲಿಕ್ಕೆ ಶುರು ಮಾಡೋದು ಹೇಗೆ: ಕೊಯಿಚಿ ನಕಮುರ ಹೋದ ದಾರಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹುಡುಗರು ಕೇಳ್ತಾ ಇರ್ತಾರೆ, ಆರ್‌ಪಿಜಿ ಮಾಡ್ಬೇಕು, ಎಲ್ಲಿಂದ ಶುರು ಮಾಡೋದು ಅಂತ. ಆರ್‌ಪಿಜಿ ಅಂದ್ರೆ ಒಂದು ಪಾತ್ರವಾಗಿ ಊರು ಸುತ್ತಿ, ಜಗಳಾಡಿ ಕಥೆ ಮುಂದುವರಿಸುವ ಗೇಮ್. ಎಲ್ಲರ ಹತ್ರವೂ ದೊಡ್ಡ ಕಥೆ ಉಂಟು, ಮೂರು ರಾಜ್ಯ, ನಲ್ವತ್ತು ಪಾತ್ರ, ಆದ್ರೆ ಓಡುವ ಗೇಮ್ ಒಂದೂ ಇಲ್ಲ. ಅವರಿಗೆಲ್ಲ ನಾನು ಕೊಯಿಚಿ ನಕಮುರ ಕಥೆ ಹೇಳ್ತೇನೆ, ಜಪಾನಿನ ಆರ್‌ಪಿಜಿ ಡ್ರ್ಯಾಗನ್ ಕ್ವೆಸ್ಟ್‌ನ ಪ್ರೋಗ್ರಾಮರ್.

ಅವರು ಹುಟ್ಟಿದ್ದು 1964ರಲ್ಲಿ, ಕಗಾವಾ ಅಂತ ಟೋಕಿಯೋದಿಂದ ದೂರದ ಪ್ರಾಂತ್ಯದಲ್ಲಿ. ಹೈಸ್ಕೂಲಲ್ಲಿ ಇರುವಾಗ್ಲೇ ಕಂಪ್ಯೂಟರ್ ಮ್ಯಾಗಜಿನ್‌ಗೆ ಪ್ರೋಗ್ರಾಂ ಬರೆದು ಕಳಿಸ್ತಾ ಇದ್ರು. 1982ರಲ್ಲಿ ಎನಿಕ್ಸ್ ಕಂಪೆನಿ ಇಟ್ಟ ಸ್ಪರ್ಧೆಗೆ ಡೋರ್ ಡೋರ್ ಅಂತ ಗೇಮ್ ಕಳಿಸಿ ಬಹುಮಾನ ತಗೊಂಡ್ರು. ಅದರಲ್ಲಿ ಇದ್ದದ್ದು ಎಂತ, ಬೆನ್ನಟ್ಟಿ ಬರುವ ಶತ್ರುಗಳನ್ನು ಬಾಗಿಲೊಳಗೆ ಸಿಕ್ಕಿಸಿ ಮುಚ್ಚೋದು, ಅಷ್ಟೇ. ಹಾಗಾಗಿ ನೀವೂ ಮೊದಲು ಒಂದೇ ಸ್ಕ್ರೀನಿನ ಗೇಮ್ ಮಾಡಿ, ಆರ್‌ಪಿಜಿಯೇ ಬೇಡ, ಆದ್ರೆ ಪೂರ್ತಿ ಮಾಡಿ, ಗೆಲ್ಲೋದು ಸೋಲೋದು ಎರಡೂ ಇರ್ಬೇಕು, ಬೇರೆಯವರ ಫೋನಲ್ಲೋ ಲ್ಯಾಪ್‌ಟಾಪಲ್ಲೋ ಓಡ್ಬೇಕು.

ಆಮೇಲೆ ಜೊತೆ ಹುಡುಕಿ. ಅದೇ ಸ್ಪರ್ಧೆಯಲ್ಲಿ ಗೆದ್ದ ಯುಜಿ ಹೊರಿಯವರಿಗೆ ಬರವಣಿಗೆ ಕೈಹಿಡಿದಿತ್ತು. ಇಬ್ಬರೂ ಅಮೆರಿಕದ ವಿಝರ್ಡ್ರಿ ಗೇಮಿಗೆ ಮರುಳಾದವರು. ನಕಮುರ 1984ರಲ್ಲಿ ಚುನ್‌ಸಾಫ್ಟ್ ಅಂತ ತಮ್ಮ ಗೇಮ್ ಕಂಪೆನಿ ಕಟ್ಟಿದ್ರು, 1986ರ ಮೇ ತಿಂಗಳಲ್ಲಿ ಡ್ರ್ಯಾಗನ್ ಕ್ವೆಸ್ಟ್ ಬಂತು, ಕಥೆ ಹೊರಿಯವರದ್ದು, ಚಿತ್ರ ಅಕಿರ ತೊರಿಯಾಮ, ಸಂಗೀತ ಕೊಯಿಚಿ ಸುಗಿಯಾಮ. ನಮ್ಮ ಕುಂಬಳೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ, ಭಾಗವತಿಕೆ, ಮದ್ದಳೆ, ವೇಷ ಎಲ್ಲ ಒಬ್ಬನೇ ಮಾಡಿದ್ರೆ ಆಟ ಬೆಳಗ್ಗಿನವರೆಗೆ ನಿಲ್ಲೋದಿಲ್ಲ. ಕೋಡ್ ಬರುವವರು ಕಥೆ ಬರೆಯುವ ಒಬ್ಬರನ್ನು ಹಿಡ್ಕೊಳ್ಳಿ.

ಇನ್ನು ಗಾತ್ರ. ಮೊದಲ ಡ್ರ್ಯಾಗನ್ ಕ್ವೆಸ್ಟ್ ಕಾರ್ಟ್ರಿಜ್, ಅಂದ್ರೆ ಗೇಮ್ ತುಂಬಿದ ಡಬ್ಬಿ, 64 ಕಿಲೋಬೈಟ್, ನೀವು ವಾಟ್ಸಾಪಲ್ಲಿ ಕಳಿಸುವ ಒಂದು ಫೋಟೋ ಅದಕ್ಕಿಂತ ದೊಡ್ಡದಿರ್ತದೆ. ಹೀರೋ ಒಬ್ಬನೇ, ಎದುರಿಗೆ ಒಂದು ಸಲಕ್ಕೆ ಒಂದೇ ಶತ್ರು. 1987ರ ಎರಡನೇದರಲ್ಲಿ ಮೂವರಾದ್ರು, 1988ರ ಮೂರನೇದರಲ್ಲಿ ನಾಲ್ವರು. ನಿಮ್ಮದೂ ಒಬ್ಬನಿಂದಲೇ ಶುರುವಾಗ್ಲಿ. ಮೊದಲ ಆಟಕ್ಕೆ ಒಂದು ಊರು, ಒಂದು ಹೊಲ, ಒಂದು ಗುಹೆ ಸಾಕು. ಹೊಡೆತದ ಲೆಕ್ಕಕ್ಕೆ ನಾನು ಇಡೋದು ಹೀಗೆ: ಹೊಡೆಯುವವನ ಶಕ್ತಿಯಿಂದ ಎದುರಾಳಿಯ ರಕ್ಷಣೆಯ ಅರ್ಧ ಕಳೆಯಿರಿ, ಉಳಿದದ್ದರ ಕಾಲು ಭಾಗದಿಂದ ಅರ್ಧದವರೆಗೆ ಯಾವುದೋ ಒಂದು ಸಂಖ್ಯೆ ರ‍್ಯಾಂಡಮ್ಮಾಗಿ ಬರ್ಲಿ. ಶಕ್ತಿ 20, ರಕ್ಷಣೆ 8 ಇದ್ರೆ 16 ಉಳೀತದೆ, ಹೊಡೆತ 4ರಿಂದ 8. ಕಾಗದದಲ್ಲಿ ಮೊದಲು ಹತ್ತು ಜಗಳ ಆಡಿ ನೋಡಿ, ಐದಾರು ಸುತ್ತಲ್ಲಿ ಮುಗೀದಿದ್ರೆ ಸಂಖ್ಯೆ ಬದಲಾಯಿಸಿ.

ಮ್ಯಾಪ್ ವಿಷಯದಲ್ಲಿ ಆ ಗೇಮ್ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟ. ಅರಮನೆಯಿಂದ ಹೊರಗೆ ಬಂದ ಕೂಡ್ಲೇ ನೀರಿನ ಆಚೆ ಶತ್ರುವಿನ ಕೋಟೆ ಕಾಣ್ತದೆ, ಇಷ್ಟು ಹತ್ರ, ಆದ್ರೆ ಹೋಗ್ಲಿಕ್ಕೆ ಇಡೀ ದೇಶ ಸುತ್ತಬೇಕು. ನಮ್ಮಲ್ಲಿ ಚಂದ್ರಗಿರಿ ಹೊಳೆ ಉಂಟಲ್ಲ, ಹೊಳೆಯ ಬಡಗು ದಡದಲ್ಲಿ ಹೀರೋವನ್ನು ನಿಲ್ಲಿಸಿ, ತೆಂಕು ದಡದಲ್ಲಿ ಕೋಟೆ ತೋರಿಸಿ, ದೋಣಿ ಕೊನೆಗೆ ಕೊಡಿ.

ಈಗ ಕನ್ನಡದವರಿಗೆ ಬರುವ ತಲೆನೋವು, ಅಕ್ಷರ. ಜಾಗ ಇಲ್ಲದೆ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಜಪಾನಿ ಲಿಪಿಗಳಲ್ಲಿ ಒಂದಾದ ಕಟಕಾನದ ಅಕ್ಷರ ಸುಮಾರು 20 ಮಾತ್ರ ಇಟ್ಕೊಂಡ್ರು, ರಾಕ್ಷಸರ ಹೆಸರು, ಮಂತ್ರದ ಹೆಸರು ಎಲ್ಲ ಅಷ್ಟರಲ್ಲೇ ಹುಟ್ಟಿದ್ದು. ನಮಗೆ ಜಾಗ ಬೇಕಾದಷ್ಟು ಉಂಟು, ಆದ್ರೆ ಒತ್ತಕ್ಷರ ಒಡೀತದೆ. ನಾನು ಹಳೆ ಗೇಮ್ ಎಂಜಿನ್, ಅಂದ್ರೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಒಂದರಲ್ಲಿ "ಅಜ್ಜಿ" ಅಂತ ಬರೆದ್ರೆ ಒತ್ತು ಕೆಳಗೆ ಕೂರ್ಲೇ ಇಲ್ಲ, ಎರಡು ವಾರ ಫಾಂಟನ್ನೇ ಬೈದೆ, ತಪ್ಪು ಫಾಂಟಿನದ್ದಲ್ಲ, ಅಕ್ಷರ ಜೋಡಿಸುವ ಶೇಪಿಂಗ್ ಅನ್ನುವ ಕೆಲಸ ಆ ಎಂಜಿನಲ್ಲೇ ಇರ್ಲಿಲ್ಲ. ಗೊಡೋ ಅಂತ ಗೇಮ್ ಎಂಜಿನಲ್ಲಿ 4ನೇ ಆವೃತ್ತಿಯಿಂದ ಮೇಲೆ ಅದು ಉಂಟು, ಫ್ರೀ ಕೂಡ, ಜೊತೆಗೆ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ. ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಹಾಗೆ ಮಾಡೋದಾದ್ರೆ ಗೊಡೋದಲ್ಲಿ ಅಕ್ಷರ ತೋರಿಸುವ ಲೇಬಲ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅಂತ ಉಂಟು, ಅದನ್ನು ಆಫ್ಟರ್ ಶೇಪಿಂಗ್‌ಗೆ ಇಡಿ, ಇಲ್ಲದಿದ್ರೆ "ಜ್" ಅಂತ ಮೊದಲು ಬಂದು ಆಮೇಲೆ "ಜ್ಜಿ" ಆಗ್ತದೆ, ಓದುವವರ ಕಣ್ಣಿಗೆ ಚುಚ್ತದೆ.

ಸೇವ್ ವ್ಯವಸ್ಥೆ ಮೊದಲ ದಿನವೇ ಹಾಕಿ. ಮೊದಲ ಡ್ರ್ಯಾಗನ್ ಕ್ವೆಸ್ಟಲ್ಲಿ ಬಿಟ್ಟಲ್ಲಿಂದ ಆಟ ಮುಂದುವರಿಸ್ಲಿಕ್ಕೆ ಮಕ್ಕಳು 20 ಅಕ್ಷರದ ಪಾಸ್‌ವರ್ಡ್ ಪುಸ್ತಕದಲ್ಲಿ ಬರ್ಕೊಳ್ಬೇಕಿತ್ತು, ಎರಡನೇದರಲ್ಲಿ ಅದು 52ರವರೆಗೆ ಹೋಯ್ತು, ಒಂದು ಅಕ್ಷರ ತಪ್ಪಿದ್ರೆ ಅಷ್ಟು ದಿನದ ಆಟ ಹೋಯ್ತು. ಮೂರನೇದರ ಕಾರ್ಟ್ರಿಜ್ ಒಳಗೆ ಆಟ ಉಳಿಸಿಡುವ ಬ್ಯಾಟರಿ ಬಂದ ಮೇಲೆ ಆ ಕಷ್ಟ ತಪ್ಪಿದ್ದು.

ನಕಮುರ ಐದನೇ ಡ್ರ್ಯಾಗನ್ ಕ್ವೆಸ್ಟ್ ಆದ ಮೇಲೆ ಆ ಸಾಲು ಬಿಟ್ರು, 1993ರಲ್ಲಿ ಹೊಕ್ಕ ಸಲಕ್ಕೊಂದು ಹೊಸ ಗುಹೆ ಆಗುವ ತೊರ್ನೆಕೊ ಗೇಮ್ ತಂದ್ರು. ನಿಮಗೆ ಮ್ಯಾಪ್ ಬಿಡಿಸೋದು ಬೇಜಾರಾದ್ರೆ ಆ ದಾರಿಯೂ ಒಳ್ಳೇದು, ಗುಹೆಯನ್ನು ಕೋಡೇ ಬಿಡಿಸ್ತದೆ.

ಆಟ ಓಡ್ಲಿಕ್ಕೆ ಶುರುವಾದ ಮೇಲೆ ಯಾವತ್ತೂ ಗೇಮ್ ಆಡದ ಒಬ್ಬರ ಕೈಗೆ ಕೊಡಿ, ತಂಗಿಯೋ ಚಿಕ್ಕಮ್ಮನೋ ಯಾರಾದ್ರೂ ಆಗ್ಬೋದು. ಹತ್ರ ಕೂತ್ಕೊಳ್ಳಿ, ಬಾಯಿ ಬಿಡ್ಬೇಡಿ. ಅವರು ಎಲ್ಲಿ ನಿಂತು ಈಗ ಎಂತ ಮಾಡೋದು ಅಂತ ನಿಮ್ಮ ಮುಖ ನೋಡ್ತಾರೋ, ಆ ಜಾಗದಲ್ಲಿ ಊರಿನ ಒಬ್ಬ ಅಜ್ಜನನ್ನು ನಿಲ್ಲಿಸಿ, ಅವನ ಬಾಯಲ್ಲಿ ಒಂದು ಸಾಲು ಹೇಳಿಸಿ.