ಫಾಗ್ ಲೈಟ್ ಹಾಕಿಸಿದ ಮೇಲೆ ಬೈಕ್ ಬ್ಯಾಟರಿ ಇಳಿಯುತ್ತಿದೆಯೇ? ಹೊಸದು ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಸಂಪಾಜೆ ಘಾಟಿಯಲ್ಲಿ ಜುಲೈ ತಿಂಗಳ ಸಂಜೆ ಬೈಕ್ ಓಡಿಸಿದವರಿಗೆ ಫಾಗ್ ಲೈಟ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ದಾರಿಯಾಗಲಿ, ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಇಳಿಯುವ ದಾರಿಯಾಗಲಿ, ಮಂಜು ಕವಿದರೆ ಕಂಪನಿಯ ಹೆಡ್‌ಲೈಟ್ ಯಾವ ಮೂಲೆಗೂ ಸಾಲುವುದಿಲ್ಲ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಒಂದು ಜೋಡಿ ಎಲ್‌ಇಡಿ ಹಾಕಿಸಿಕೊಳ್ಳುವವರು ಜಾಸ್ತಿ. ತೊಂದರೆ ಶುರುವಾಗುವುದು ಆಮೇಲೆ. ಮೂರು ದಿನ ಬಿಡದೆ ಮಳೆ, ಬೈಕ್ ಶೆಡ್ಡಿನಲ್ಲೇ ನಿಂತಿರುತ್ತದೆ. ನಾಲ್ಕನೇ ದಿನ ಸೆಲ್ಫ್ ಒತ್ತಿದರೆ ‘ಟಕ್ ಟಕ್’ ಅನ್ನುತ್ತದೆ, ಅಷ್ಟೇ. ಈಗಿನ ಎಷ್ಟೋ ಬೈಕುಗಳಿಗೆ ಕಿಕ್ಕರ್ ಕೂಡ ಇಲ್ಲ. ಫ್ಯೂಯಲ್ ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಪಂಪಿಗೂ ಬ್ಯಾಟರಿಯೇ ಬೇಕು, ಹಾಗಾಗಿ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ.

ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಮಾತು, “ಬ್ಯಾಟರಿ ಹೋಗಿದೆ ಅಣ್ಣ, ಹೊಸದು ಹಾಕಿಬಿಡಿ.” ತಡೆಯಿರಿ. ಕರೆಂಟ್ ಸೋರುವ ಗಾಡಿಗೆ ಹೊಸ ಬ್ಯಾಟರಿ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಕಾರಣ ಮೂರರಲ್ಲಿ ಒಂದು. ಗಾಡಿ ನಿಂತಾಗ ಎಲ್ಲೋ ಕರೆಂಟ್ ಸೋರುತ್ತಿರಬೇಕು, ಇಲ್ಲವೇ ಓಡುವಾಗ ಚಾರ್ಜ್ ಸಾಲುತ್ತಿಲ್ಲ, ಇಲ್ಲವೇ ಬ್ಯಾಟರಿಗೇ ವಯಸ್ಸಾಗಿದೆ. ಯಾವುದು ಅಂತ ಮನೆಯಲ್ಲೇ ತಿಳಿಯಬಹುದು. ಬೇಕಾಗುವುದು ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಟರ್ಮಿನಲ್ ಬಿಚ್ಚಲು ಸ್ಪ್ಯಾನರ್. ಕೆಲವು ನೂರು ರೂಪಾಯಿಯ ಮೀಟರೇ ಸಾಕು.

ಪರೀಕ್ಷೆಗೆ ಮುಂಚೆ ಬ್ಯಾಟರಿ ಫುಲ್ ಚಾರ್ಜ್ ಆಗಿರಲೇಬೇಕು. ಮಳೆಗಾಲದಲ್ಲಿ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಅಲ್ವಾ? ಹಾಗಿದ್ದರೆ ಬ್ಯಾಟರಿ ಬಿಚ್ಚಿ ಗೋಣಿಕೊಪ್ಪವೋ ಕುಶಾಲನಗರವೋ ಹತ್ತಿರದ ಪೇಟೆಯ ಬ್ಯಾಟರಿ ಅಂಗಡಿಯಲ್ಲಿ ಚಾರ್ಜಿಗೆ ಹಾಕಿಸಿ ತನ್ನಿ.

ರಾತ್ರಿ ಒಂದು ಲೆಕ್ಕ, ಬೆಳಿಗ್ಗೆ ಒಂದು ಲೆಕ್ಕ

ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಗಾಡಿ ಓಡಿಸಿದ ತಕ್ಷಣ ನೋಡಿದರೆ ಅಂಕಿ ಸುಳ್ಳು ಹೇಳುತ್ತದೆ, ಮೂರು ನಾಲ್ಕು ಗಂಟೆ ಬಿಟ್ಟು ನೋಡಿ. 12.6ರ ಮೇಲಿದ್ದರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು. 12ಕ್ಕೆ ಇಳಿದಿದ್ದರೆ ಖಾಲಿಯಾದಂತೆಯೇ. ಬರೆದಿಟ್ಟುಕೊಂಡು ಬೆಳಿಗ್ಗೆ ಮತ್ತೆ ನೋಡಿ.

ಒಂದೇ ರಾತ್ರಿಗೆ ಎದ್ದು ಕಾಣುವಷ್ಟು ಇಳಿದಿದ್ದರೆ, ಮತ್ತೆ ಚಾರ್ಜ್ ಮಾಡಿ ಮಾರನೇ ರಾತ್ರಿ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಮಲಗಿ. ಬಿಚ್ಚಿಟ್ಟರೂ ಇಳಿದರೆ ಬ್ಯಾಟರಿಯದೇ ತಪ್ಪು, ಬದಲಾಯಿಸಿ. ಇಳಿಯದಿದ್ದರೆ ಬ್ಯಾಟರಿ ಚೆನ್ನಾಗಿದೆ, ಕಳ್ಳ ವೈರಿಂಗ್‌ನಲ್ಲಿದ್ದಾನೆ. ಇಷ್ಟು ಮಾಡದೆ ಯಾರೂ ಬ್ಯಾಟರಿಗೆ ದುಡ್ಡು ಕೊಡಬಾರದು ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ಸೋರಿಕೆ ಎಷ್ಟು?

ಈಗ ಆಂಪಿಯರ್ ಅಳೆಯಬೇಕು. ಇಲ್ಲಿ ಸ್ವಲ್ಪ ಎಚ್ಚರ. ಕೀ ತೆಗೆದಿಡಿ. ಮೈನಸ್ ಟರ್ಮಿನಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನೂ ಅಲ್ಲಿಗೇ ತಿರುಗಿಸಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಬಿಚ್ಚಿದ ಕಪ್ಪು ವೈರಿನ ಮೇಲೆ. ಮೀಟರ್ ಹೀಗೆ ನಡುವೆ ಇರುವಾಗ ಮರೆತೂ ಸೆಲ್ಫ್ ಒತ್ತಬೇಡಿ, ಸುಟ್ಟುಹೋಗುತ್ತದೆ.

ಇಂಜೆಕ್ಷನ್ ಬೈಕಾದರೆ ಮೊದಲು ಅಂಕಿ ಸ್ವಲ್ಪ ಜಾಸ್ತಿ ಇರಬಹುದು, ಒಂದೆರಡು ನಿಮಿಷ ಕಾಯಿರಿ. ಕೊನೆಗೆ 0.00 ತೋರಿಸಿದರೆ ದೊಡ್ಡ ಸೋರಿಕೆಯಿಲ್ಲ. ಬೇಕಿದ್ದರೆ ಆಮೇಲೆ ಕೆಂಪು ವೈರನ್ನು ಮಿಲಿಆಂಪಿಯರ್ ತೂತಿಗೆ ಬದಲಿಸಿ, 200 ಮಿಲಿಆಂಪಿಯರ್‌ಗೆ ಇಳಿಸಿ ಸಣ್ಣದನ್ನೂ ನೋಡಿ. ಕೆಲವೇ ಮಿಲಿಆಂಪಿಯರ್ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಮತ್ತೆ 10 ಆಂಪಿಯರ್‌ಗೇ ಬಂದು, ಫಾಗ್ ಲೈಟ್ ಸ್ವಿಚ್ ಆಫ್ ಇಟ್ಟು ಒಮ್ಮೆ, ಆನ್ ಇಟ್ಟು ಒಮ್ಮೆ ಅಳೆಯಿರಿ. ಕೀ ಇಲ್ಲದಾಗ ಆನ್ ಮಾಡಿದರೂ ಲೈಟ್ ಉರಿಯಬಾರದು. ಉರಿದರೆ ಸಂಪರ್ಕ ಕೀ ಮೂಲಕ ಬಂದೇ ಇಲ್ಲ ಅಂತ ಅರ್ಥ.

0.15ರ ಹತ್ತಿರ ಅಂಕಿ ಕಂಡರೆ ನನಗೆ ಮೊದಲು ಅನುಮಾನ ಬರುವುದು ರಿಲೇ ಮೇಲೆ, ಅಂದರೆ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ ಡಬ್ಬಿಯ ಮೇಲೆ. ಅದರೊಳಗಿನ ಕಾಯಿಲ್ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ. ದಿನಕ್ಕೆ 24 ಗಂಟೆಯಂತೆ 3.6 ಆಂಪಿಯರ್ ಅವರ್ ಹೋಯಿತು. ನಿಮ್ಮದು 9 ಆಂಪಿಯರ್ ಅವರ್ ಬ್ಯಾಟರಿಯಾದರೆ ಎರಡೂವರೆ ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ಅದಕ್ಕೂ ಮುಂಚೆಯೇ ಕೈಕೊಡುತ್ತದೆ.

ರಿಲೇ ತಿರುಗಿಸಿ ನೋಡಿ

ಮೀಟರ್ ಹಾಗೇ ಇರಲಿ. ಮೊದಲು ಫಾಗ್ ಲೈಟಿನ ಫ್ಯೂಸ್ ಕೀಳಿ. ಅಂಕಿ ಸೊನ್ನೆಗೆ ಬಿತ್ತೇ? ತಪ್ಪು ಆ ವೈರಿಂಗ್‌ನಲ್ಲೇ ಇದೆ. ಬೀಳಲಿಲ್ಲವೇ? ಯುಎಸ್‌ಬಿ ಚಾರ್ಜರ್, ಜಿಪಿಎಸ್, ಅಲಾರಂ ಒಂದೊಂದಾಗಿ ಬಿಡಿಸಿ, ಆಮೇಲೆ ಗಾಡಿಯ ಫ್ಯೂಸುಗಳು. ಸುಮ್ಮನೆ ಲೈಟನ್ನು ಬೈದು ಪ್ರಯೋಜನವಿಲ್ಲ. ಬ್ಯಾಟರಿಗೇ ನೇರ ಕಟ್ಟಿದ ಮೊಬೈಲ್ ಚಾರ್ಜರ್ ಎಷ್ಟೋ ಸಲ ಸಿಕ್ಕಿಬೀಳುತ್ತದೆ.

ಸೀಟಿನ ಕೆಳಗೋ ಹೆಡ್‌ಲೈಟಿನ ಹಿಂದೆಯೋ ಇರುವ ಕಪ್ಪು ರಿಲೇ ಡಬ್ಬಿಯ ತಳ ನೋಡಿ. 30, 85, 86, 87 ಅಂತ ಅಚ್ಚು ಹಾಕಿರುತ್ತಾರೆ. 30ಕ್ಕೆ ಬ್ಯಾಟರಿಯ ಪ್ಲಸ್, ಫ್ಯೂಸ್ ಮೂಲಕ. 87ರಿಂದ ಲೈಟಿಗೆ. 85 ಅರ್ತ್. 86ಕ್ಕೆ ಕೀ ಆನ್ ಆದಾಗ ಮಾತ್ರ ಕರೆಂಟ್ ಬರಬೇಕು, ಅದೂ ಹ್ಯಾಂಡಲ್ ಸ್ವಿಚ್ ದಾಟಿ. ಅವಸರದ ಕೆಲಸದಲ್ಲಿ ತಪ್ಪುವುದು ಇಲ್ಲೇ. ಕೀ ವೈರ್ ಹುಡುಕುವ ಬದಲು 86ನ್ನೂ ಬ್ಯಾಟರಿ ಪ್ಲಸ್ಸಿಗೆ ಕಟ್ಟಿ, ಸ್ವಿಚ್ಚನ್ನು 87 ಆದ ಮೇಲೆ ಲೈಟಿನ ವೈರಿಗೆ ಹಾಕಿಬಿಡುತ್ತಾರೆ. ಲೈಟ್ ಆಫ್ ಆಗಿರುತ್ತದೆ, ಕಾಯಿಲ್ ಮಾತ್ರ ಹಗಲು ರಾತ್ರಿ ಎಳೆಯುತ್ತಿರುತ್ತದೆ. ಗುರುತು ಸುಲಭ. ರಾತ್ರಿಯಿಡೀ ನಿಂತ ಗಾಡಿಯ ರಿಲೇಯನ್ನು ಬೆಳಿಗ್ಗೆ ಮುಟ್ಟಿ. ಸುತ್ತಲಿನ ತಗಡು ತಣ್ಣಗೆ ಕೊರೆಯುತ್ತಿದ್ದರೂ ಡಬ್ಬಿ ಬೆಚ್ಚಗಿರುತ್ತದೆ.

ಸರಿಪಡಿಸಲು ಟೈಲ್ ಲ್ಯಾಂಪಿನ ಪ್ಲಸ್ ವೈರಿನಿಂದ 86ಕ್ಕೆ ಕೊಡಬಹುದು. ಕಾಯಿಲಿಗೆ ಬೇಕಾದಷ್ಟು ಕರೆಂಟನ್ನು ಆ ವೈರ್ ತಾಳಿಕೊಳ್ಳುತ್ತದೆ. ಕೀ ಆನ್ ಮಾಡಿದರೆ ಅಲ್ಲಿ 12 ವೋಲ್ಟ್, ಆಫ್ ಮಾಡಿದರೆ ಸೊನ್ನೆ ಬರಬೇಕು. ಅಳೆದು ನೋಡಿಯೇ ಜೋಡಿಸಿ.

ಒಣಗಿದಾಗ ಸರಿ, ನೆನೆದಾಗ ತಪ್ಪು

ಕೊಡಗಿನ ಗಾಡಿಗಳಿಗೆ ಇದೊಂದು ಬೇರೆಯೇ ಪಾಠ. ಬೇಸಿಗೆಯಲ್ಲಿ ಮೀಟರ್ ಸೊನ್ನೆ ತೋರಿಸಿದ ಗಾಡಿ ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಸೋರಬಹುದು. ನೀರು ಇಳಿಯುವುದು ಹ್ಯಾಂಡಲ್ ಸ್ವಿಚ್ಚಿಗೆ, ಲೈಟಿನ ಹಿಂದಿನ ಕನೆಕ್ಟರಿಗೆ. ಎಳೆದು ಬಿಚ್ಚಿ ನೋಡಿ, ಪಿನ್ನಿನ ಮೇಲೆ ಹಸಿರು ಪುಡಿ ಕೂತಿದ್ದರೆ ಅಲ್ಲಿ ನೀರು ಆಡಿದೆ. ಮೀಟರ್ ಹಾಕಿಟ್ಟು, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಒಂದೊಂದು ಜಾಯಿಂಟಿಗೆ ಸಿಂಪಡಿಸಿ. ಎಲ್ಲಿ ಅಂಕಿ ಕುಣಿಯುತ್ತದೋ ಅಲ್ಲೇ ಜಾಗ. ಅದನ್ನು ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿಸಿ, ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿಸಿ. ಬರೀ ಇನ್ಸುಲೇಶನ್ ಟೇಪ್ ನಮ್ಮ ಮಳೆಗೆ ನಿಲ್ಲುವುದಿಲ್ಲ, ಅಂಟು ಬಿಟ್ಟು ನೀರನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಓಡುವಾಗ ಸಾಲುತ್ತದೆಯೇ?

ಸೋರಿಕೆ ಇಲ್ಲದೆಯೂ ಬ್ಯಾಟರಿ ಇಳಿದರೆ, ಮೈನಸ್ ಟರ್ಮಿನಲ್ ಮತ್ತೆ ಜೋಡಿಸಿ, ಮೀಟರಿನ ಕೆಂಪು ವೈರನ್ನು ವೋಲ್ಟ್ ತೂತಿಗೆ ಮರಳಿಸಿ, ಗುಂಡಿಯನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಎಂಜಿನ್ ಆನ್ ಮಾಡಿ ವೋಲ್ಟ್ ನೋಡಿ. ಫಾಗ್ ಲೈಟ್ ಆಫ್ ಇಟ್ಟು 3000 ಆರ್‌ಪಿಎಂ ದಾಟಿಸಿದಾಗ 13.5ರಿಂದ 14.5ರೊಳಗೆ ಇರಬೇಕು. 15 ದಾಟಿದರೆ ಚಾರ್ಜ್ ವೋಲ್ಟನ್ನು ಹಿಡಿತದಲ್ಲಿಡುವ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಕೆಟ್ಟಿದೆ. ಈಗ ಲೈಟ್ ಹಾಕಿ. 13ರ ಮೇಲೇ ನಿಂತರೆ ಸರಿ. 12.8ಕ್ಕಿಂತ ಕೆಳಗಿಳಿದರೆ ಗಾಡಿ ಹುಟ್ಟಿಸುವ ಕರೆಂಟಿಗಿಂತ ಉರಿಸುವುದು ಜಾಸ್ತಿ. 20 ವ್ಯಾಟಿನ ಎರಡು ಲೈಟ್ ಅಂದರೆ 3 ಆಂಪಿಯರ್ ಮೇಲೆ. ಜೊತೆಗೆ 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಎಂಜಿನ್ ಜೊತೆಯಲ್ಲೇ ಉರಿಯುತ್ತದೆ, ಆಫ್ ಮಾಡುವ ಸ್ವಿಚ್ಚೇ ಇಲ್ಲ. ಘಾಟಿಯಲ್ಲಿ ಲಾರಿ ಹಿಂದೆ ನಿಧಾನಕ್ಕೆ ತೆವಳುವಾಗ ಆರ್‌ಪಿಎಂ ಕಡಿಮೆ, ಚಾರ್ಜೂ ಕಡಿಮೆ.

ಡಬ್ಬದ ಮೇಲೆ ಬರೆದ ವ್ಯಾಟ್ ನಂಬಬೇಡಿ. ಫಾಗ್ ಲೈಟಿನ ಫ್ಯೂಸ್ ಕಿತ್ತು, ಅದು ಕೂತಿದ್ದ ಎರಡು ತೂತಿಗೆ 10 ಆಂಪಿಯರ್‌ನಲ್ಲಿ ಮೀಟರ್ ಕೊಟ್ಟರೆ ಲೈಟ್ ನಿಜಕ್ಕೂ ಎಷ್ಟು ಎಳೆಯುತ್ತದೆ ಅಂತ ಗೊತ್ತಾಗುತ್ತದೆ. ಜಾಸ್ತಿಯಾದರೆ ಕಡಿಮೆ ವ್ಯಾಟಿನ ಜೋಡಿಗೆ ಬದಲಾಯಿಸುವುದೇ ದಾರಿ. ದೊಡ್ಡ ಬ್ಯಾಟರಿ ಹಾಕಿದರೆ ಚಾರ್ಜ್ ಹೆಚ್ಚಾಗುವುದಿಲ್ಲ, ಖಾಲಿಯಾಗುವುದು ಸ್ವಲ್ಪ ತಡವಾಗುತ್ತದೆ ಅಷ್ಟೇ.

ವೈರಿಂಗ್ ನೀವೇ ಮುಟ್ಟಲು ಧೈರ್ಯ ಬರದಿದ್ದರೆ ಮುಟ್ಟಬೇಡಿ, ವಾರಂಟಿ ಇರುವ ಗಾಡಿಯ ವೈರನ್ನಂತೂ ಕತ್ತರಿಸಲೇಬೇಡಿ. ರಾತ್ರಿಯ ವೋಲ್ಟ್, ಬೆಳಗಿನ ವೋಲ್ಟ್, ಫ್ಯೂಸ್ ಹಾಕಿದಾಗ ಮತ್ತು ಕಿತ್ತಾಗಿನ ಆಂಪಿಯರ್, ಲೈಟ್ ಉರಿದಾಗಿನ ಚಾರ್ಜ್ ಇಷ್ಟನ್ನೂ ಚೀಟಿಯಲ್ಲಿ ಬರೆದು ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಆಮೇಲೂ ಆತ ಹೊಸ ಬ್ಯಾಟರಿಯನ್ನೇ ಹೇಳಿದರೆ, ಯಾವ ಅಂಕಿ ನೋಡಿ ಹೇಳುತ್ತಿದ್ದೀರಿ ಅಂತ ಕೇಳಿ.