ಕಾಳಿಗೆ ಹುಳ ಬೀಳದಂತೆ ಇಡುವುದು: ಬಿಸಿಲು, ಹರಳೆಣ್ಣೆ, ಕೆಮ್ಮಣ್ಣು, ಬೂದಿ

ಹೆಸರುಕಾಳು ತಂದ ದಿನ ಒಂದು ಹಿಡಿ ಅಂಗೈ ಮೇಲೆ ಹರಡಿಕೊಂಡು ಬೆಳಕಿಗೆ ಹಿಡಿದು ನೋಡಿ. ಕೆಲವು ಕಾಳಿನ ಸಿಪ್ಪೆ ಮೇಲೆ ಸುಣ್ಣ ತಾಗಿದ ಹಾಗೆ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಉಗುರಿನಲ್ಲಿ ಕೆರೆದರೂ ಸುಲಭವಾಗಿ ಬಿಡುವುದಿಲ್ಲ. ಅದು ಕುಟ್ಟೆ ಹುಳದ ಮೊಟ್ಟೆ. ಇವತ್ತು ಚುಕ್ಕೆ, ಇನ್ನೊಂದು ತಿಂಗಳಿಗೆ ಡಬ್ಬದ ತುಂಬ ತೂತು ಬಿದ್ದ ಕಾಳು, ಮೇಲೆ ಓಡಾಡುವ ಕಂದು ಹುಳ.

ಡಬ್ಬ ಸರಿಯಾಗಿ ತೊಳೆಯಲಿಲ್ಲವೇನೋ ಅಂತ ತುಂಬಾ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಹಳೇ ಹುಳ ಡಬ್ಬದ ಸಂದಿಯಲ್ಲಿ ಉಳಿದಿರುವುದೂ ಉಂಟು, ಆದರೆ ಎಷ್ಟೋ ಸಲ ಇದು ಹೊಲದಿಂದಲೇ ಬಂದಿರುತ್ತದೆ. ಗಿಡದಲ್ಲಿ ಕಾಯಿ ಒಣಗುತ್ತಿರುವಾಗಲೇ ಹುಳ ಹಾರಿ ಬಂದು ಮೊಟ್ಟೆ ಇಡುತ್ತದೆ. ಮರಿ ಮೊಟ್ಟೆಯ ಅಡಿಯಿಂದಲೇ ನೇರವಾಗಿ ಕಾಳು ಕೊರೆದು ಒಳಗೆ ಹೋಗಿ, ತಿಂದು ಬೆಳೆದು, ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಮ್ಮ ಸೆಕೆಗೆ ಇದಕ್ಕೆ ಹೆಚ್ಚೂಕಡಿಮೆ 25ರಿಂದ 30 ದಿನ ಸಾಕು. ಹೊರಗೆ ಬಂದ ದೊಡ್ಡ ಹುಳ ಕಾಳು ತಿನ್ನುವುದೇ ಇಲ್ಲ. ಜೋಡಿಯಾಗಿ, ಹತ್ತಾರು ಮೊಟ್ಟೆ ಕಾಳಿಗೆ ಅಂಟಿಸಿ, ಒಂದೆರಡು ವಾರದಲ್ಲಿ ಸಾಯುತ್ತದೆ. ಇಷ್ಟು ಗೊತ್ತಾದರೆ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಒಂದೊಂದು ಕೆಲಸವೂ ಯಾಕೆ ಅಂತ ಅರ್ಥವಾಗುತ್ತದೆ. ಬಿಸಿಲು ಒಳಗಿನ ಮರಿಗೆ, ಎಣ್ಣೆ ಮೊಟ್ಟೆಗೆ, ಮಣ್ಣು ಮತ್ತು ಬೂದಿ ಓಡಾಡುವ ಹುಳಕ್ಕೆ, ಬಾಯಿ ಬಿಗಿದ ಪಾತ್ರೆ ಎಲ್ಲಕ್ಕೂ.

ಮುಂದೆ ಹೋಗುವ ಮೊದಲು ಒಂದು ಮಾತು. ಅಕ್ಕಿಗೆ ಬೋರಿಕ್ ಪುಡಿ ಕಲಸುವವರನ್ನು, ಮೂಟೆಯೊಳಗೆ ವಿಷದ ಗುಳಿಗೆ ಇಡುವವರನ್ನು ಈಗಲೂ ನೋಡುತ್ತೇವೆ. ಆ ಗುಳಿಗೆ ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಕೊಲ್ಲುತ್ತದೆ. ಅದು ಗೋದಾಮಿನಲ್ಲಿ ತರಬೇತಿ ಆದವರು ಬಳಸುವ ವಸ್ತು. ಮನೆಗೆ ಬೇಡ, ದಯವಿಟ್ಟು ಬೇಡ. ಐದು ಕೆಜಿ ಕಾಳು ಹಾಳಾದರೆ ಮತ್ತೆ ತರಬಹುದು.

ಮೊದಲ ಕೆಲಸ ಬಿಸಿಲು. ಉಳಿದದ್ದೆಲ್ಲ ಇದರ ನಂತರ, ಯಾಕೆಂದರೆ ಕಾಳಿನೊಳಗೆ ಆಗಲೇ ಸೇರಿಕೊಂಡ ಮರಿಯನ್ನು ಎಣ್ಣೆಯಾಗಲಿ ಬೇವಾಗಲಿ ಮುಟ್ಟುವುದಿಲ್ಲ. ಕಾಳನ್ನು ಮೊರದಲ್ಲಿ ಕೇರಿ ಹೊಟ್ಟು, ಮುರುಕು, ತೂತಿನ ಕಾಳು ತೆಗೆಯಿರಿ. ಆಮೇಲೆ ತಾರಸಿ ಮೇಲೆ ತೆಳ್ಳಗೆ ಹರಡಿ. ಗುಡ್ಡೆ ಹಾಕಿದರೆ ಮೇಲಿನದು ಮಾತ್ರ ಕಾಯುತ್ತದೆ, ಹುಳ ಕೆಳಗಿನ ತಂಪಿಗೆ ಜಾರುತ್ತದೆ. ಅಡಿಗೆ ಕಪ್ಪು ಟಾರ್ಪಾಲ್ ಹಾಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಟ್ಟರೆ ಒಳಗಿನ ಬಿಸಿ ಬರೀ ಬಿಸಿಲಿಗಿಂತ ತುಂಬಾ ಜಾಸ್ತಿ ಏರುತ್ತದೆ. ಕಾಳು 57 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇದ್ದರೆ ಮೊಟ್ಟೆ, ಮರಿ, ಹುಳ ಎಲ್ಲವೂ ಸಾಯುತ್ತವೆ. ಫೆಬ್ರವರಿಯಿಂದ ಮೇವರೆಗಿನ ನಮ್ಮ ಬಿಸಿಲಿಗೆ ಇದು ಕಷ್ಟವಲ್ಲ. ಹನ್ನೊಂದರಿಂದ ಮೂರು ಗಂಟೆವರೆಗೆ ಬಿಟ್ಟರೆ ಸಾಕು. ಬಿತ್ತನೆಗೆ ಇಡುವ ಕಾಳಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಬೇಡಿ, ಸುಮ್ನೆ ಬಿಸಿಲಿಗೆ ಹಾಕಿ.

ಒಣಗಿದೆಯೋ ಇಲ್ಲವೋ ನೋಡಲು ಒಂದು ಕಾಳು ಹಲ್ಲಿನಲ್ಲಿ ಕಡಿಯಿರಿ. ಕಟ್ ಅಂತ ಸದ್ದು ಬಂದು ಎರಡು ಹೋಳಾಗಬೇಕು. ಹಲ್ಲು ಒಳಗೆ ಇಳಿದರೆ, ಕಾಳು ಚಪ್ಪಟೆಯಾದರೆ, ಇನ್ನೊಂದು ದಿನ ಬಿಸಿಲು ಬೇಕು. ಆಮೇಲಿನ ಕೆಲಸವನ್ನು ಬಹಳ ಜನ ಬಿಡುತ್ತಾರೆ: ಬಿಸಿ ಕಾಳನ್ನು ಹಾಗೇ ಡಬ್ಬಕ್ಕೆ ಸುರಿಯಬಾರದು. ಮುಚ್ಚಳದ ಒಳಗೆ ಬೆವರಿ, ಆ ನೀರು ಮತ್ತೆ ಕಾಳಿಗೇ ಇಳಿದು, ಹುಳದ ಬದಲು ಬೂಷ್ಟು ಹಿಡಿಯುತ್ತದೆ. ಸಂಜೆ ನೆರಳಿನಲ್ಲಿ ಹರಡಿ, ಕೈಗೆ ತಣ್ಣಗೆ ಹತ್ತಿದ ಮೇಲೆ ತುಂಬಿ.

ಕೆಲವು ಮನೆಗಳಲ್ಲಿ ಅಮಾವಾಸ್ಯೆಗೊಮ್ಮೆ ಕಾಳು ಬಿಸಿಲಿಗೆ ಹಾಕುವ ರೂಢಿ ಇದೆ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಹುಳದ ಒಂದು ಸುತ್ತು 25-30 ದಿನ ಅಲ್ವಾ? ತಿಂಗಳಿಗೊಮ್ಮೆ ಬಿಸಿಲು ಕಂಡರೆ ಒಂದು ಸಂತಾನ ಮುಗಿದು ಇನ್ನೊಂದು ಏಳುವಷ್ಟರಲ್ಲಿ ಅದಕ್ಕೆ ಪೆಟ್ಟು ಬೀಳುತ್ತದೆ. ದಿನ ಯಾವುದಾದರೂ ಆಗಲಿ, ತಿಂಗಳ ಲೆಕ್ಕ ತಪ್ಪಿಸಬೇಡಿ.

ಇನ್ನು ಹರಳೆಣ್ಣೆ. ಉತ್ತರ ಕರ್ನಾಟಕದ ಕಡೆ ಔಡಲೆಣ್ಣೆ ಅನ್ನುತ್ತಾರೆ. ತೊಗರಿಬೇಳೆ, ಹೆಸರುಕಾಳು, ಅಲಸಂದೆ, ಕಡಲೆ, ಗೋಧಿ ಎಲ್ಲಕ್ಕೂ ಆಗುತ್ತದೆ. ಅಳತೆ ಕೆಜಿಗೆ ಒಂದು ಟೀ ಚಮಚ. ಎಣ್ಣೆಯನ್ನು ಕಾಳಿನ ಮೇಲೆ ಸುರಿಯಬೇಡಿ, ಒಂದೇ ಕಡೆ ಮುದ್ದೆ ಕಟ್ಟುತ್ತದೆ. ಅಗಲವಾದ ಪರಾತದಲ್ಲಿ ಕಾಳು ಹಾಕಿ, ಎರಡೂ ಅಂಗೈಗೆ ಎಣ್ಣೆ ಸವರಿಕೊಂಡು, ಕಾಳನ್ನು ಕೈಯಲ್ಲಿ ತೆಗೆದು ಉಜ್ಜುತ್ತಾ ಬಿಡುತ್ತಾ ಹೋಗಿ. ಎಣ್ಣೆ ಖಾಲಿಯಾದಂತೆ ಮತ್ತೆ ಸವರಿಕೊಳ್ಳಿ. ಪ್ರತಿ ಕಾಳೂ ಸಣ್ಣಗೆ ಮಿನುಗಬೇಕು, ಆದರೆ ಪರಾತದ ತಳದಲ್ಲಿ ಎಣ್ಣೆ ನಿಂತಿರಬಾರದು. ಚಳಿಗಾಲದಲ್ಲಿ ಹರಳೆಣ್ಣೆ ತುಂಬಾ ಮಂದವಾಗುತ್ತದೆ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಸ್ವಲ್ಪ ತೆಳ್ಳಗೆ ಮಾಡಿಕೊಳ್ಳಿ. ಈ ತೆಳು ಪದರ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಹೊಸದಾಗಿ ಮೊಟ್ಟೆ ಇಡಲು ಬಂದ ಹುಳಕ್ಕೂ ಕಷ್ಟ. ಅಡುಗೆಗೆ ಮೊದಲು ಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ತೊಳೆದರೆ ವಾಸನೆ ಉಳಿಯುವುದಿಲ್ಲ. ಫ್ಲ್ಯಾಟಿನಲ್ಲಿ ಇರುವವರಿಗೆ ಹಳೇ ವಿಧಾನಗಳಲ್ಲಿ ಒಂದನ್ನೇ ಹೇಳಬೇಕಾದರೆ ನಾನು ಹೇಳುವುದು ಇದನ್ನೇ.

ವರ್ಷಕ್ಕಾಗುವಷ್ಟು ತೊಗರಿ, ಅವರೆ ಬೆಳೆದು ಇಡುವವರಿಗೆ, ಅಂಗಳ ಇರುವವರಿಗೆ ಕೆಮ್ಮಣ್ಣು. ಮೇಲಿನ ಮಣ್ಣು ಬೇಡ. ಒಂದೆರಡು ಅಡಿ ಅಗೆದು ಬೇರು, ಗೊಬ್ಬರ ಇಲ್ಲದ ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿಯಿರಿ. ರಸ್ತೆ ಬದಿಯ ಮಣ್ಣು, ಔಷಧಿ ಹೊಡೆದ ಹೊಲದ ಮಣ್ಣು ಮುಟ್ಟಲೇಬೇಡಿ. ನೀರಿನಲ್ಲಿ ತೆಳ್ಳಗೆ ಕದಡಿ, ಇಡೀ ಕಾಳಿಗೆ ಕಲಸಿ, ಪ್ರತಿ ಕಾಳಿಗೂ ಕೆಂಪು ಹತ್ತಿದ ಕೂಡಲೇ ಬಿಸಿಲಿಗೆ ಹಾಕಿ. ಬೆಳಿಗ್ಗೆಯೇ ಶುರು ಮಾಡಿ. ಮೋಡ ಇದ್ದರೆ ಆ ದಿನ ಕೈಹಾಕಬೇಡಿ, ಯಾಕೆಂದರೆ ಸಂಜೆಯೊಳಗೆ ಒಣಗದ ಕಾಳು ರಾತ್ರಿ ಮುಗ್ಗುತ್ತದೆ, ಮೊಳಕೆಯೂ ಒಡೆಯಬಹುದು. ಎರಡು ಮೂರು ದಿನ ಒಣಗಿ ಕಾಳು ಮೊರದಲ್ಲಿ ಗಲಗಲ ಅಂದರೆ ತುಂಬಿ. ಕೆಮ್ಮಣ್ಣು ಕಟ್ಟಿದ ತೊಗರಿಯನ್ನು ಬೀಸಿ ಬೇಳೆ ಮಾಡುವುದೂ ಸುಲಭ, ಸಿಪ್ಪೆ ಚೆನ್ನಾಗಿ ಬಿಡುತ್ತದೆ.

ಬೂದಿ ಬೀಜಕ್ಕೆ ಒಳ್ಳೆಯದು. ಸೌದೆ ಒಲೆಯ ಬೂದಿ ಪೂರ್ತಿ ಆರಿದ ಮೇಲೆ ಜರಡಿ ಹಿಡಿದು, ಕಾಳಿನ ನಡುವಿನ ಸಂದಿಯೆಲ್ಲ ತುಂಬುವಷ್ಟು ಕಲಸಿ, ಮೇಲೆ ಎರಡು ಬೆರಳು ದಪ್ಪ ಬೂದಿ ಹಾಕಿ ಮುಚ್ಚಿ. ನುಣುಪಾದ ಬೂದಿ ಹುಳದ ಮೈಮೇಲಿನ ಮೇಣದ ಪದರ ಕೆಡಿಸುತ್ತದೆ. ಮೈಯ ನೀರು ಆರಿಹೋಗಿ ಹುಳ ಸಾಯುತ್ತದೆ. ಒಣಗಿದ ಕೆಮ್ಮಣ್ಣಿನ ಪುಡಿಯ ಕೆಲಸವೂ ಇದೇ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡ. ಕುಂಬಳ, ಹೀರೆಯಂಥ ಬೀಜವನ್ನು ಸಗಣಿ ಬೆರಣಿಗೆ ಒತ್ತಿ ಗೋಡೆಗೆ ಹೊಡೆದಿಡುವುದು ಹಳ್ಳಿಗಳಲ್ಲಿ ಈಗಲೂ ಉಂಟು, ಅದೂ ಚೆನ್ನಾಗಿಯೇ ಉಳಿಯುತ್ತದೆ.

ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಒಣಮೆಣಸಿನಕಾಯಿ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇವು ಹುಳವನ್ನು ದೂರ ಇಡಲು ನೆರವಾಗುತ್ತವೆ, ಒಳಗೆ ಇರುವುದನ್ನು ಕೊಲ್ಲುವುದಿಲ್ಲ. ಬಿಸಿಲಿಗೆ ಹಾಕದೆ ನಾಲ್ಕು ಎಲೆ ಇಟ್ಟು ಕೂತರೆ ಉಪಯೋಗವಿಲ್ಲ. ಹಸಿ ಎಲೆಯನ್ನಂತೂ ಡಬ್ಬಕ್ಕೆ ಹಾಕಲೇಬಾರದು, ಅದರ ತೇವವೇ ಕಾಳನ್ನು ಕೆಡಿಸುತ್ತದೆ. ನೆರಳಿನಲ್ಲಿ ಒಣಗಿಸಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಂತಾದ ಮೇಲೆ ಪದರ ಪದರವಾಗಿ ಇಡಿ.

ಅಕ್ಕಿಯ ಲೆಕ್ಕ ಬೇರೆ. ಅಕ್ಕಿಯನ್ನು ಕಡು ಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ನುಚ್ಚಾಗುತ್ತದೆ, ನೆರಳಿನಲ್ಲಿ ಹರಡಿ ಕೇರಬೇಕು. ಹಿಂದೆ ಮನೆಗಳಲ್ಲಿ ಕಣಜದ ತುಂಬ ಇರುತ್ತಿದ್ದದ್ದು ಭತ್ತ. ಬೇಕಾದಷ್ಟು ಮಾತ್ರ ಕುಟ್ಟಿ ಅಕ್ಕಿ ಮಾಡುತ್ತಿದ್ದರು. ಅಕ್ಕಿಗೆ ಬೀಳುವುದು ಕುಟ್ಟೆ ಹುಳವಲ್ಲ, ಉದ್ದ ಮೂತಿಯ ಬೇರೆ ಕಂದು ಹುಳ. ಹೊಟ್ಟು ಇರುವವರೆಗೆ ಅದಕ್ಕೆ ಒಳಗೆ ಹೋಗುವುದು ಸುಲಭವಲ್ಲ. ಈಗ ನಾವು ತರುವುದು ಪಾಲಿಶ್ ಮಾಡಿದ ಅಕ್ಕಿ, ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಹಾಗಾಗಿ ತಿಂಗಳಿಗೆ ಬೇಕಾದಷ್ಟೇ ತನ್ನಿ. ಫ್ರೀಜರ್‌ನಲ್ಲಿ ಜಾಗ ಇದ್ದರೆ ತಂದ ಅಕ್ಕಿಯನ್ನು ಸಣ್ಣ ಸಣ್ಣ ಚೀಲ ಮಾಡಿ, ಬಾಯಿ ಕಟ್ಟಿ, ಒಂದು ವಾರ ಅಲ್ಲಿಡಿ. ಹೊರಗೆ ತೆಗೆದಾಗ ಚೀಲ ಬಿಚ್ಚದೆ ಪೂರ್ತಿ ಬೆಚ್ಚಗಾಗಲು ಬಿಡಿ, ಇಲ್ಲದಿದ್ದರೆ ಅಕ್ಕಿ ಬೆವರುತ್ತದೆ. ವಿದೇಶದಲ್ಲಿ ಇದ್ದು ಚಳಿಗಾಲದಲ್ಲಿ ಬಿಸಿಲೇ ಕಾಣದವರಿಗೆ ಕಾಳಿಗೂ ಇದೇ ದಾರಿ.

ರಾಗಿಗೆ ಇಷ್ಟೆಲ್ಲ ಕಾಟ ಇಲ್ಲ. ಆ ಪುಟ್ಟ ಕಾಳಿನೊಳಗೆ ಅಕ್ಕಿ ಹುಳದ ಮರಿ ಬೆಳೆಯಲು ಜಾಗವೇ ಸಾಲದು. ಹಳೇ ಮೈಸೂರು ಕಡೆ ನೆಲದೊಳಗೆ ಹಗೇವು ತೋಡಿ ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ, ಹುಳ ಬದುಕುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು, ಗಾಳಿಯಾಡಲು ಬಿಡಬೇಕು. ನಿಮ್ಮ ಊರಿನಲ್ಲಿ ಹಳೇ ಹಗೇವು ಇದ್ದರೆ ಮಕ್ಕಳಿಗೂ ಈ ಮಾತು ಹೇಳಿಡಿ.

ಹಗೇವಿನ ಆ ಕೆಲಸವನ್ನು ಅಡುಗೆಮನೆಯಲ್ಲೂ ಮಾಡಬಹುದು. ಎರಡು ಲೀಟರಿನ ನೀರಿನ ಬಾಟಲಿಯನ್ನು ತೊಳೆದು, ಎರಡು ದಿನ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಣಗಿ ತಣ್ಣಗಾದ ಕಾಳನ್ನು ಕುಲುಕಿ ಕುಲುಕಿ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿಯಿರಿ. ಅರ್ಧ ತುಂಬಿದ ದೊಡ್ಡ ಡಬ್ಬಕ್ಕಿಂತ ಪೂರ್ತಿ ತುಂಬಿದ ಸಣ್ಣ ಬಾಟಲಿ ಮೇಲು, ಯಾಕೆಂದರೆ ಒಳಗೆ ಗಾಳಿ ಕಡಿಮೆ. ದಿನಾ ತೆರೆಯುವುದಕ್ಕೆ ಒಂದು ಬಾಟಲಿ ಬೇರೆ ಇಟ್ಟುಕೊಳ್ಳಿ, ಉಳಿದವು ಹಾಗೇ ಬಿಗಿದಿರಲಿ. ಮುಚ್ಚಳದ ಮೇಲೆ ತುಂಬಿದ ತಾರೀಕು ಬರೆಯಿರಿ, ಹಳೆಯದನ್ನು ಮೊದಲು ಬಳಸಿ. ತಳದಲ್ಲಿ ಉಳಿದ ಹಳೇ ಕಾಳಿನ ಮೇಲೆಯೇ ಹೊಸ ಕಾಳು ಸುರಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಇಷ್ಟಾದರೂ ಹುಳ ಬಿತ್ತೋ, ಸ್ವಲ್ಪವೇ ಇದ್ದರೆ ಕೇರಿ, ಬಿಸಿಲಿಗೆ ಹಾಕಿ, ನೀರಿನಲ್ಲಿ ಮುಳುಗಿಸಿ ತೇಲಿ ಬಂದ ಟೊಳ್ಳು ಕಾಳು ತೆಗೆದು, ಉಳಿದದ್ದನ್ನು ಆ ದಿನವೇ ಬೇಯಿಸಿ. ಜಾಸ್ತಿ ತೂತು ಬಿದ್ದಿದ್ದರೆ ಕೋಳಿಗೆ ಹಾಕಿ. ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತಿದ್ದರೆ ಮಾತ್ರ, ಅದರಲ್ಲೂ ಕಡಲೆಕಾಯಿ ಬೀಜ, ಜೋಳದಂಥದ್ದಾದರೆ, ತೊಳೆದು ಒಣಗಿಸಿ ಉಳಿಸಿಕೊಳ್ಳಲು ನೋಡಬೇಡಿ. ಆ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ ತೊಳೆದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅದನ್ನು ದನಕ್ಕೂ ಹಾಕಬೇಡಿ, ಹಾಲಿಗೂ ಇಳಿಯುತ್ತದೆ. ಗುಂಡಿ ತೋಡಿ ಮುಚ್ಚಿಬಿಡಿ.